ಸಿಡುಬಿನ ದಾಕು ನಡೆದು ಬಂದ ದಾರಿ

ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರಗಳ ಸುತ್ತಿನ ಕಾಫಿಯ ಸೀಮೆಯಲ್ಲಿ ಅರುವತ್ತು ವರ್ಷ ದಾಟಿದ ಹಿರಿಯರ ತೋಳನ್ನು ನೋಡಿದರೆ, ಅವರು ಐನ್‌ಮನೆಯ ಯಜಮಾನರಾಗಿರಲಿ, ತೋಟದ ಲೈನುಮನೆಯಲ್ಲಿ ಬೆಳೆದವರಾಗಿರಲಿ, ಕಾಸಿನಗಲದ ಒಂದೆರಡು ತಗ್ಗುಕಲೆಗಳು ಕಣ್ಣಿಗೆ ಬೀಳುವುದು ಸಾಮಾನ್ಯ. ಅದು ಸಿಡುಬಿನ ದಾಕು ಹಾಕಿದ ಗುರುತು. ಅವರ ಮೊಮ್ಮಕ್ಕಳ ತೋಳಿನಲ್ಲಿ ಆ ಗುರುತಿಲ್ಲ. ಅದರ ಆವಶ್ಯಕತೆಯೂ ಅವರಿಗೆ ಬರಲಿಲ್ಲ. ಆ ಕಲೆಯ ಬಾಗಿಲಿನಿಂದ ಮೈಯೊಳಕ್ಕೆ ಹೊಕ್ಕುದು ಒಂದು ಜೀವಂತ ವಸ್ತು, ವ್ಯಾಕ್ಸಿನಿಯಾ ಎಂಬ ಹೆಸರಿನ ವೈರಸ್ಸು. ಇದು ಎರಡು ಬಗೆಯ ಪಯಣಗಳನ್ನು ಮಾಡಿದೆ. ಮೊದಲನೆಯದು ಸಮುದ್ರಗಳನ್ನೂ ಮರಳುಗಾಡುಗಳನ್ನೂ ದಾಟಿ, ಮಗುವಿನ ತೋಳಿನಿಂದ ಮಗುವಿನ ತೋಳಿಗೆ ಹಾದು ನಮ್ಮ ನಾಡಿಗೆ ಬಂದುದು. ಎರಡನೆಯದು ಅದೇ ತೋಳಿನ ಚರ್ಮದ ಒಳಗೆ, ಒಂದು ಜೀವಕೋಶದಿಂದ ಇನ್ನೊಂದು ಜೀವಕೋಶಕ್ಕೆ ಅದು ನಡೆದು ಹೋಗುವ ಬಗೆ. ಮೊದಲನೆಯದರ ಕಥೆ ಸರಕಾರದ ದಫ್ತರಗಳಲ್ಲಿ ಆಗಲೇ ದಾಖಲಾಯಿತು. ಎರಡನೆಯದರ ಮರ್ಮವು ಬೆಳಕಿಗೆ ಬರಲು ಮತ್ತೆ ಸುಮಾರು ಇನ್ನೂರು ವರ್ಷಗಳು ಹಿಡಿದುವು.

ಸಿಡುಬಿನ ಭಯವೆಂತಹದೆಂಬುದನ್ನು ಇಂದಿನ ಮನೆಗಳಲ್ಲಿ ಅನುಭವದಿಂದ ಹೇಳಬಲ್ಲವರು ವಿರಳವಾಗುತ್ತಿದ್ದಾರೆ. ಆ ಬೇನೆಯ ಉಗ್ರಜಾತಿಯು ತಗಲಿದ ನೂರು ಮಂದಿಯಲ್ಲಿ ಮೂವತ್ತು ಮಂದಿಯ ವರೆಗೆ ಸಾಯುತ್ತಿದ್ದರು. ಉಳಿದವರಲ್ಲಿ ಹಲವರಿಗೆ ಮುಖದ ತುಂಬ ಕುಳಿಗಳು, ಕೆಲವರಿಗೆ ಕುರುಡುತನ. ಹೆಸರು ಹಿಡಿದು ಕರೆಯುವುದಕ್ಕೇ ಜನ ಅಂಜಿ ‘ಅಮ್ಮ’ ಎಂದರು, ‘ದೇವಿ’ ಎಂದರು, ‘ಮೈಲಿ’ ಎಂದರು. ಉತ್ತರದ ಜಿಲ್ಲೆಗಳ ಆಡುಮಾತಿನಲ್ಲಿಯಂತೂ ಒಂದು ಸೋಜಿಗ ಉಂಟು: ಬೇನೆ ಬಂದರೂ ‘ದೇವಿ’, ಬೇನೆ ಬಾರದಂತೆ ತೋಳಿಗೆ ಚುಚ್ಚಿಸಿಕೊಂಡರೂ ‘ದೇವಿ’. ರೋಗಕ್ಕೂ ರಕ್ಷಣೆಗೂ ಒಂದೇ ಹೆಸರಿಟ್ಟ ಜನರು ತಿಳಿಯದೆಯೇ ಸತ್ಯದ ಹತ್ತಿರಕ್ಕೆ ಬಂದಿದ್ದರು; ಆ ಎರಡು ವೈರಸ್ಸುಗಳೂ ಒಂದೇ ಕುಲದವು. ‘ಲಸಿಕೆ’ ಎಂಬ ಮಾತಿಗೂ ಮೂಲದಲ್ಲಿ ಮೈಯಿಂದ ಒಸರುವ ತಿಳಿನೀರು ಎಂದೇ ಅರ್ಥ. ಕೊಡಗಿನಲ್ಲಿ ಮಾರಿಯಮ್ಮನ ಗುಡಿಗಳಿಗೆ ಕೊರತೆಯಿಲ್ಲ. ಮಡಿಕೇರಿಯ ದಸರೆಯಲ್ಲಿ ಹೊರಡುವ ನಾಲ್ಕು ಶಕ್ತಿದೇವತೆಗಳ ಕರಗಗಳು ಹಾಲೇರಿ ವಂಶದ ಅರಸರ ಕಾಲದಲ್ಲಿ ನಾಡಿಗೆ ಬಂದ ಸಾಂಕ್ರಾಮಿಕ ಬೇನೆಯ ಶಾಂತಿಗಾಗಿ ಆರಂಭವಾದುವೆಂಬ ಪ್ರತೀತಿ ಇಂದಿಗೂ ಇದೆ.

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ವೈದ್ಯನು ೧೭೯೬ರ ಮೇ ತಿಂಗಳಿನಲ್ಲಿ ಹಾಲು ಕರೆಯುವ ಹೆಂಗಸೊಬ್ಬಳ ಕೈಮೇಲಿನ ಗುಳ್ಳೆಯಿಂದ ರಸವನ್ನು ತೆಗೆದು ಒಬ್ಬ ಹುಡುಗನ ತೋಳಿಗೆ ಹಾಕಿದ ಸಂಗತಿಯು ಶಾಲೆಯ ಪುಸ್ತಕಗಳಿಂದ ಎಲ್ಲರಿಗೂ ತಿಳಿದದ್ದೇ. ಆತನ ಗ್ರಂಥ ೧೭೯೮ರಲ್ಲಿ ಅಚ್ಚಾಯಿತು. ಅಲ್ಲಿಂದ ಮುಂದಿನ ಕಷ್ಟವೇ ಹೆಚ್ಚಿನದು. ಆ ರಸವನ್ನು ಒಣಗಿಸಿ ನೂಲಿಗೆ ಹಚ್ಚಿ ಹಡಗಿನಲ್ಲಿ ಕಳುಹಿಸಿದರೆ, ಉಷ್ಣದೇಶದ ದಾರಿಯಲ್ಲಿ ಅದರ ಸತ್ತ್ವ ಹೋಗಿಬಿಡುತ್ತಿತ್ತು. ಅದು ಬದುಕಿರಬೇಕಾದರೆ ಜೀವಂತವಾದ ಮೈಯೊಂದು ಬೇಕು; ಆ ಮೈಯಲ್ಲಿ ಗುಳ್ಳೆ ಎದ್ದು ಒಂದು ವಾರದೊಳಗೆ ಇನ್ನೊಂದು ಮೈ ಸಿದ್ಧವಾಗಿರಬೇಕು. ಅಂದರೆ ಮಕ್ಕಳ ಸರಪಣಿಯೊಂದನ್ನು ದಾರಿಯುದ್ದಕ್ಕೂ ಕಡಿಯದಂತೆ ಕಾಪಾಡಬೇಕು. ಸ್ಪೇನಿನ ದೊರೆಯು ೧೮೦೩ರಲ್ಲಿ ಬಾಲ್ಮಿಸ್ ಎಂಬ ವೈದ್ಯನ ಹಡಗಿನಲ್ಲಿ ಇಪ್ಪತ್ತೆರಡು ಮಂದಿ ಅನಾಥ ಬಾಲಕರನ್ನು ಅಮೆರಿಕಕ್ಕೆ ಕಳುಹಿಸಿದುದು ಇದೇ ಕಾರಣದಿಂದ. ಅವರು ಆ ಹಡಗಿನ ಪ್ರಯಾಣಿಕರಲ್ಲ, ಪಾತ್ರೆಗಳು ಎಂದರೆ ಕಟುವಾದರೂ ಸುಳ್ಳಾಗದು.

ಭಾರತಕ್ಕೆ ಅದು ಬಂದುದು ನೆಲದ ದಾರಿಯಿಂದ. ವಿಯೆನ್ನಾ ನಗರದ ದ ಕಾರೋ ಎಂಬ ವೈದ್ಯನು ಕಳುಹಿಸಿದ ರಸವು ಬಾಗ್ದಾದನ್ನು ಮುಟ್ಟಿ, ಅಲ್ಲಿಂದ ಬಸ್ರಾ ರೇವಿಗೆ ಇಳಿದು, ಹಡಗಿನಲ್ಲಿ ಮುಂಬಯಿಗೆ ಬಂತು. ೧೮೦೨ರ ಜೂನ್ ೧೪ರಂದು ಅನ್ನಾ ಡಸ್ಟಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಅದು ಫಲಿಸಿತು. ಆ ಒಂದು ಮಗುವಿನ ತೋಳಿನಿಂದ ಇನ್ನೈದು ಮಕ್ಕಳಿಗೆ, ಅವರಿಂದ ಮತ್ತೆ ಹಲವರಿಗೆ ಹಬ್ಬಿ, ಪುಣೆ, ಸೂರತ್, ಹೈದರಾಬಾದು, ಮದರಾಸುಗಳಿಗೆ ಹೋಯಿತು. ದಕ್ಷಿಣದೇಶದ ಲಕ್ಷಾಂತರ ತೋಳುಗಳಿಗೆ ಮೂಲವಾದ ಆ ಮಗುವಿನ ಮುಂದಿನ ಬಾಳಿನ ವಿಷಯವನ್ನು ದಫ್ತರಗಳು ಬರೆದಿಡುವ ಗೋಜಿಗೆ ಹೋಗಲಿಲ್ಲ.

ಮೈಸೂರಿನಲ್ಲಿ ಆಗ ಕಾಲ ವಿಚಿತ್ರವಾಗಿತ್ತು. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದು, ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದಿದ್ದರು. ರಾಜ್ಯಭಾರ ದಿವಾನ್ ಪೂರ್ಣಯ್ಯನವರದು. ಅಂತಃಪುರದ ಹಿರಿಯ ಮರ್ಯಾದೆ ರಾಣಿ ಲಕ್ಷ್ಮಮ್ಮಣ್ಣಿಯವರದು. ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಗಾರನು ಸುಮಾರು ೧೮೦೫ರಲ್ಲಿ ಮೂವರು ರಾಜಸ್ತ್ರೀಯರ ತೈಲಚಿತ್ರವನ್ನು ಬರೆದನು. ಬಹುಕಾಲದ ವರೆಗೆ ಇದು ನರ್ತಕಿಯರ ಚಿತ್ರವೆಂದೇ ಪರದೇಶದಲ್ಲಿ ಮಾರಾಟದ ಪಟ್ಟಿಗಳಲ್ಲಿ ಸೇರಿತ್ತು! ನೈಜೆಲ್ ಚಾನ್ಸೆಲರ್ ಎಂಬ ಚರಿತ್ರಕಾರರು ೨೦೦೧ರಲ್ಲಿ ಪ್ರಕಟಿಸಿದ ವಿವೇಚನೆಯಲ್ಲಿ, ನಡುವೆ ನಿಂತವರು ಲಕ್ಷ್ಮಮ್ಮಣ್ಣಿಯವರೆಂದೂ, ಇಕ್ಕೆಲದವರು ಬಾಲರಾಜನ ಕೈಹಿಡಿದ ಅರಸಿಯರೆಂದೂ, ಅವರಲ್ಲಿ ಒಬ್ಬರು ಸೀರೆಯ ಸೆರಗನ್ನು ತುಸು ಸರಿಸಿ ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ತೋಳನ್ನೇ ಎಂದೂ ವಾದಿಸಿದ್ದಾರೆ. ಅರಸಿ ದೇವಾಜಮ್ಮಣ್ಣಿಯವರು ದಾಕು ಹಾಕಿಸಿಕೊಂಡುದರಿಂದ ಪ್ರಜೆಗಳಿಗೆ ಧೈರ್ಯ ಬಂದು ಅನೇಕರು ಮುಂದೆ ಬಂದರೆಂದು ೧೮೦೬ರ ಜುಲೈ ತಿಂಗಳಿನ ದಾಖಲೆಯೊಂದರಲ್ಲಿ ಇರುವುದನ್ನು ಅವರು ಆಧಾರವಾಗಿ ಕೊಡುತ್ತಾರೆ. ಚಿತ್ರದಲ್ಲಿರುವವರ ಗುರುತಿನ ವಿಷಯದಲ್ಲಿ ಪಂಡಿತರು ಚರ್ಚಿಸಬಹುದು. ಅರಮನೆಯು ತೋಳು ಕೊಟ್ಟು ಊರಿಗೆ ದಾರಿ ತೋರಿಸಿದುದಂತೂ ದೊಡ್ಡ ಮಾತೇ ಸರಿ. ಕಂಪೆನಿ ಸರಕಾರಕ್ಕೆ ಅದರಲ್ಲಿ ರಾಜಕೀಯವಾದ ಲಾಭವೂ ಇತ್ತೆಂಬುದನ್ನು ಮರೆಯಬೇಕಾದುದಿಲ್ಲ. ಟಿಪ್ಪುವಿನ ನೆಲದಲ್ಲಿ ತಮ್ಮ ಆಳ್ವಿಕೆ ಪ್ರಜಾಹಿತಕ್ಕಾಗಿಯೇ ಎಂದು ಸಾರಿಕೊಳ್ಳಲು ಇದಕ್ಕಿಂತ ಸುಲಭವಾದ ಸಾಧನ ಅವರಿಗೆ ಬೇರೆ ಯಾವುದಿತ್ತು?

ಆದರೆ ಊರಿನವರು ಹಿಂಜರಿದುದಕ್ಕೆ ಬರಿಯ ಮೌಢ್ಯವೇ ಕಾರಣವೆಂದು ಬರೆಯುವ ಹಳೆಯ ಅಧಿಕಾರಿಗಳ ಮಾತನ್ನು ಹಾಗೆಯೇ ಒಪ್ಪತಕ್ಕದ್ದಲ್ಲ. ರಸವು ಬರುತ್ತಿದ್ದುದು ಇನ್ನೊಂದು ಮಗುವಿನ ಮೈಯಿಂದ. ಆ ಮಗು ಬಹುಮಟ್ಟಿಗೆ ಬಡವರದು. ಗುಳ್ಳೆ ಹಣ್ಣಾದ ತೋಳನ್ನು ಮತ್ತೆ ಮತ್ತೆ ಚುಚ್ಚಿ ರಸ ತೆಗೆಯುವುದು ಆ ಕೂಸಿಗೆ ನೋವಿನ ಕೆಲಸ. ಯಾವ ತಾಯಿ ತಾನೇ ಇದನ್ನು ಸಂತೋಷದಿಂದ ಒಪ್ಪಿಯಾಳು? ಮೇಲುಜಾತಿಯವರಿಗೆ ಇತರರ ಮೈಯ ರಸವು ತಮ್ಮ ಮಕ್ಕಳ ಮೈಗೆ ಸೇರುವುದೆಂಬ ಅಳುಕು. ಕೆಳಗಿನವರಿಗೆ ತಮ್ಮ ಮಕ್ಕಳನ್ನೇ ಯಾವಾಗಲೂ ಪಾತ್ರೆಗಳನ್ನಾಗಿ ಬಳಸುವರೆಂಬ ಸಂಕಟ. ಒಂದು ಮೈಯಿಂದ ಇನ್ನೊಂದಕ್ಕೆ ರಸದೊಡನೆ ಬೇರೆ ರೋಗಗಳೂ ಹೋಗಬಹುದೆಂಬ ಸಂಶಯವು ನಿರಾಧಾರವಾದುದಲ್ಲ. ಇಟಲಿಯ ರಿವಾಲ್ಟಾ ಎಂಬ ಊರಿನಲ್ಲಿ ೧೮೬೧ರಲ್ಲಿ ಹಲವಾರು ಮಕ್ಕಳಿಗೆ ದಾಕಿನ ಜೊತೆಗೆ ಉಪದಂಶವು ಅಂಟಿದುದು ವೈದ್ಯರಿಗೆಲ್ಲ ತಿಳಿದ ದುರಂತ.

ಕೊಡಗು ೧೮೩೪ರಲ್ಲಿ ಚಿಕ್ಕವೀರರಾಜೇಂದ್ರನ ಕೈಯಿಂದ ಜಾರಿ ಕಂಪೆನಿಯ ಕೈಗೆ ಹೋಯಿತು. ಇಪ್ಪತ್ತು ವರ್ಷಗಳ ತರುವಾಯ, ೧೮೫೪ರಲ್ಲಿ, ಫೌಲರ್ ಎಂಬ ಬಿಳಿಯನು ಮಡಿಕೇರಿಯ ಹತ್ತಿರ ಕಾಫಿ ತೋಟವನ್ನು ತೆರೆದನು. ಕ್ರಮೇಣ ಘಟ್ಟದ ಕಾಡುಗಳಿಂದ ಪೂರ್ವಕ್ಕೆ, ಬಿದಿರುಮೆಳೆಗಳ ಸೀಮೆಗೆ ತೋಟಗಳು ಇಳಿದುವು. ಪಾಲಿಬೆಟ್ಟವು ಆ ಸೀಮೆಯ ನಡುವಿನ ಊರು. ತೋಟದ ಬಿಳಿಯ ದೊರೆಗಳು ಅಲ್ಲಿ ಕಟ್ಟಿಕೊಂಡ ಕ್ಲಬ್ಬಿಗೂ ‘ಬಾಂಬೂ’ ಎಂದೇ ಹೆಸರಾಯಿತು. ಮೈಸೂರು ಸೀಮೆಯಿಂದಲೂ ಮಲೆಯಾಳದಿಂದಲೂ ತಮಿಳುನಾಡಿನಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಕೂಡಿಸಿ ತಂದ ಆಳುಗಳು ಸಾಲುಮನೆಗಳಲ್ಲಿ ಒತ್ತೊತ್ತಾಗಿ ವಾಸಿಸುತ್ತಿದ್ದರು. ಸಿಡುಬು ಹರಡುತ್ತಿದ್ದುದು ಉಸಿರಿನಿಂದಲೂ ಬಟ್ಟೆಬರೆಗಳಿಂದಲೂ. ಅದು ಹೆಚ್ಚಾಗಿ ತಲೆಯೆತ್ತುತ್ತಿದ್ದುದು ಮಳೆಯಿಲ್ಲದ ತಿಂಗಳುಗಳಲ್ಲಿ. ಹಣ್ಣು ಕೊಯ್ಯುವ ಕಾಲವೂ ಅದಕ್ಕೆ ಹೊಂದಿಕೊಂಡೇ ಬರುವುದು. ಇಂತಹ ಸಾಲುಮನೆಗಳಿಗಿಂತ ಆ ಬೇನೆಗೆ ಅನುಕೂಲವಾದ ಸ್ಥಳವನ್ನು ಊಹಿಸುವುದು ಕಷ್ಟ. ಇಷ್ಟಿದ್ದರೂ ೧೮೮೦ರ ದಾಕಿನ ಕಾನೂನು, ಕೊಡಗಿನ ಚೀಫ್ ಕಮಿಷನರರ ಪ್ರಾಂತವನ್ನು ತನ್ನ ವ್ಯಾಪ್ತಿಯಲ್ಲಿ ಎಣಿಸಿದರೂ, ಪುರಸಭೆಗಳಿಗೂ ದಂಡುಪ್ರದೇಶಗಳಿಗೂ ಮಾತ್ರ ಅನ್ವಯಿಸುವಂತಹದಾಗಿತ್ತು. ಪೇಟೆಯ ವರ್ತಕನ ಮಗುವಿಗೆ ಕಡ್ಡಾಯ. ತೋಟದ ಆಳಿನ ಮಗುವಿಗೆ ದಾಕು ಹಾಕುವವನು ಬಂದರೆ ಉಂಟು, ಬಾರದಿದ್ದರೆ ಇಲ್ಲ.

ತೋಳಿನಿಂದ ತೋಳಿಗೆ ಹಾಕುವ ಪದ್ಧತಿಯು ಕರುವಿನ ರಸ ಬಂದಮೇಲೆ ಹಿಂದೆ ಬಿತ್ತು. ಕರುವಿನ ಹೊಟ್ಟೆಯ ಚರ್ಮವನ್ನು ಬೋಳಿಸಿ, ಗೀಚಿ, ಅಲ್ಲಿ ವ್ಯಾಕ್ಸಿನಿಯಾವನ್ನು ಬೆಳೆಯಿಸಿ, ಕೆರೆದು ತೆಗೆದು, ಕೆಡದಂತೆ ಗ್ಲಿಸರೀನು ಮುಂತಾದುವುಗಳಲ್ಲಿ ಬೆರೆಸಿಡುವುದು ಈ ಕ್ರಮ. ಬೆಂಗಳೂರಿನಲ್ಲಿ ಮೈಸೂರು ಸರಕಾರವು ನಡೆಯಿಸುತ್ತಿದ್ದ ಇಂತಹ ಸಂಸ್ಥೆಯಲ್ಲಿ ದುಡಿದವರಲ್ಲಿ ಒಬ್ಬರು ಡಾಕ್ಟರ್ ಪಲ್ಪು. ತಿರುವಾಂಕೂರಿನ ಈಳವ ಕುಲದಲ್ಲಿ ೧೮೬೩ರಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಓದಿ ಮುಗಿಸಿದ ಅವರಿಗೆ ಸ್ವಂತ ಸಂಸ್ಥಾನವು ಕುಲದ ಕಾರಣದಿಂದ ಕೆಲಸ ಕೊಡಲೊಲ್ಲದೆ ಹೋಯಿತು. ಮೈಸೂರು ಅವರನ್ನು ಕರೆದು ಕೆಲಸ ಕೊಟ್ಟಿತು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಊರು ಬಿಡದೆ ಶಿಬಿರಗಳಲ್ಲಿ ನಿಂತು ರೋಗಿಗಳನ್ನು ನೋಡಿದವರಲ್ಲಿ ಅವರೂ ಒಬ್ಬರು. ಮುಟ್ಟಬಾರದೆಂದು ಒಂದು ರಾಜ್ಯವು ದೂರವಿಟ್ಟ ಮನುಷ್ಯನ ಕೈಯಿಂದ ತಯಾರಾದ ರಸವು ಇನ್ನೊಂದು ರಾಜ್ಯದಲ್ಲಿ ಎಲ್ಲ ಕುಲದವರ ರಕ್ತಕ್ಕೆ ಸೇರಿತು. ಈ ವಿಷಯದ ಮೇಲೆ ಯಾವ ಕವಿಯೂ ಕಾವ್ಯ ಬರೆಯಲಿಲ್ಲವೆಂಬುದು ಆಶ್ಚರ್ಯ.

ಸ್ವಾತಂತ್ರ್ಯಾನಂತರ ೧೯೬೨ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯ ಆರಂಭವಾಯಿತು. ಬಿಸಿಲಿಗೆ ಕೆಡದ, ಹೆಪ್ಪುಗಟ್ಟಿಸಿ ಒಣಗಿಸಿದ ದಾಕನ್ನು ತಯಾರಿಸುತ್ತಿದ್ದ ದೇಶದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು; ಉಳಿದವು ಗಿಂಡಿ, ಹೈದರಾಬಾದು, ಪಟವಾಡಂಗರುಗಳಲ್ಲಿದ್ದುವು. ೧೯೭೫ರ ಮೇ ತಿಂಗಳಿನಲ್ಲಿ ಭಾರತದ ಕೊನೆಯ ರೋಗಿಯೂ, ೧೯೭೭ರ ಅಕ್ಟೋಬರಿನಲ್ಲಿ ಸೊಮಾಲಿಯ ದೇಶದಲ್ಲಿ ಸಹಜವಾಗಿ ಸಿಡುಬು ತಗಲಿದ ಲೋಕದ ಕೊನೆಯ ರೋಗಿಯೂ ಕಂಡುಬಂದರು. ೧೯೮೦ರ ಮೇ ೮ರಂದು ವಿಶ್ವ ಆರೋಗ್ಯ ಸಭೆಯು ರೋಗವು ಅಳಿಯಿತೆಂದು ಸಾರಿತು.

ವಿಚಿತ್ರವೇನೆಂದರೆ, ರೋಗ ಅಳಿದಮೇಲೂ ಅದನ್ನು ಅಳಿಸಿದ ಆಯುಧ ಏನೆಂಬುದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಜೆನ್ನರನು ಅದನ್ನು ಹಸುವಿನ ಸಿಡುಬೆಂದು ನಂಬಿದ್ದನು. ೧೯೩೯ರಲ್ಲಿ ಅಲನ್ ಡೌನಿ ಎಂಬ ವಿದ್ವಾಂಸನು ದಾಕಿನ ವೈರಸ್ಸು ಬೇರೆ, ಹಸುಗಳಲ್ಲಿ ಕಾಣುವ ಸಿಡುಬಿನ ವೈರಸ್ಸು ಬೇರೆ ಎಂದು ತೋರಿಸಿದನು. ೨೦೧೭ರಲ್ಲಿ, ಅಮೆರಿಕದಲ್ಲಿ ೧೯೦೨ರಷ್ಟು ಹಿಂದೆ ತಯಾರಾಗಿದ್ದ ದಾಕನ್ನು ಪರೀಕ್ಷಿಸಿದಾಗ ಅದರ ಆನುವಂಶಿಕ ಲಿಪಿಯು ಕುದುರೆಯ ಸಿಡುಬಿಗೆ ಅತ್ಯಂತ ಸಮೀಪವಾಗಿ ಕಂಡಿತು. ಹಸುವಿನ ಹೆಸರಿನಲ್ಲಿ ಲೋಕವನ್ನು ಸುತ್ತಿದುದು ಕುದುರೆಯ ಬಂಧುವಾಗಿದ್ದಿರಬಹುದು.

ಇನ್ನು ಎರಡನೆಯ ಪಯಣ. ಇದರ ಕಥೆಯು ಆರಂಭವಾಗುವುದು ವೈರಸ್ಸಿನಿಂದಲ್ಲ, ಮಾಂಸದಿಂದ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಹಂಗೇರಿಯ ಸೆಗೆಡ್ ಎಂಬ ಊರಿನಲ್ಲಿ, ೧೯೩೭ರಲ್ಲಿಯೇ ನೊಬೆಲ್ ಬಹುಮಾನವನ್ನು ಪಡೆದಿದ್ದ ಸೆಂಟ್ ಜ್ಯೋರ್ಜಿಯವರು ಸ್ನಾಯು ಏಕೆ ಸಂಕುಚಿಸುವುದೆಂಬುದನ್ನು ಅರಸುತ್ತಿದ್ದರು. ಅವರ ಸಹಾಯಕಿ ಇಲೋನಾ ಬಂಗಾ ಎಂಬವರು ಅರೆದ ಮಾಂಸವನ್ನು ಉಪ್ಪುನೀರಿನಲ್ಲಿ ರಾತ್ರಿಯೆಲ್ಲ ಬಿಟ್ಟರು. ಎಂದಿನಂತೆ ಇಪ್ಪತ್ತು ನಿಮಿಷದಲ್ಲಿ ಸೋಸಿದರೆ ತೆಳ್ಳಗಿರುತ್ತಿದ್ದ ರಸವು ಬೆಳಗಾಗುವಾಗ ಅಂಟಂಟಾಗಿ ಮಂದವಾಗಿತ್ತು. ಆ ಮಂದತೆಗೆ ಕಾರಣವಾದ ಎರಡನೆಯ ಸಸಾರಜನಕವನ್ನು, ಅಂದರೆ ಪ್ರೋಟೀನನ್ನು, ೧೯೪೨ರಲ್ಲಿ ಬೇರ್ಪಡಿಸಿದವರು ಬ್ರೂನೋ ಸ್ಟ್ರಾಬ್. ಮಯೋಸಿನ್ ಎಂಬ ಮೊದಲನೆಯದನ್ನು ಚುರುಕುಗೊಳಿಸುವುದರಿಂದ ಅದಕ್ಕೆ ಆಕ್ಟಿನ್ ಎಂದು ಹೆಸರಾಯಿತು. ಯುದ್ಧದ ಗೊಂದಲದಲ್ಲಿ ಆ ಲೇಖನಗಳು ಆ ಊರಿನ ಸಂಚಿಕೆಯಲ್ಲಿಯೇ ಉಳಿದು, ಹೊರಲೋಕಕ್ಕೆ ತಿಳಿಯುವುದು ತಡವಾಯಿತು.

ಆಕ್ಟಿನ್ನಿನ ಬಿಡಿ ಕಣಗಳು ಹವಳದ ಮಣಿಗಳಂತಿರುವುವು. ಬೇಕಾದಾಗ ಒಂದಕ್ಕೊಂದು ಸೇರಿ ಸರವಾಗುವುವು. ಬೇಡವಾದಾಗ ಕಳಚಿ ಮತ್ತೆ ಬಿಡಿಯಾಗುವುವು. ಇದು ಸ್ನಾಯುವಿನ ಸ್ವತ್ತೆಂದೇ ಬಹುಕಾಲ ತಿಳಿದಿದ್ದರು. ೧೯೬೬ರಲ್ಲಿ ಹತಾನೋ, ಓಸಾವಾ ಎಂಬ ಜಪಾನಿನ ವಿದ್ವಾಂಸರು ಸ್ನಾಯುವೇ ಇಲ್ಲದ ಒಂದು ಲೋಳೆಬೂಷ್ಟಿನಲ್ಲಿಯೂ ಅದನ್ನು ಕಂಡರು. ಅಲ್ಲಿಂದ ಮುಂದೆ ಹುಡುಕಿದಲ್ಲೆಲ್ಲ ಅದೇ. ರಕ್ತದ ಬಿಳಿಯ ಕಣವು ಗಾಯದ ಕಡೆಗೆ ತೆವಳಿಕೊಂಡು ಹೋಗುವುದು, ಚರ್ಮದ ಕೋಶವು ಗಾಯವನ್ನು ಮುಚ್ಚಲು ಮುಂದುವರಿಯುವುದು, ಎಲ್ಲವೂ ಆಕ್ಟಿನ್ನಿನ ಸರಗಳು ಮುಂಬದಿಯಲ್ಲಿ ಬೆಳೆದು ಕೋಶದ ಪೊರೆಯನ್ನು ಮುಂದಕ್ಕೆ ತಳ್ಳುವುದರಿಂದ. ಸರಕ್ಕೆ ಕವಲು ಒಡೆಯಿಸುವ ಏಳು ಬಿಡಿಭಾಗಗಳ ಯಂತ್ರವೊಂದುಂಟು. ಆರ್ಪ್ ಎರಡು-ಮೂರು ಎಂಬ ಈ ಯಂತ್ರವನ್ನು ಮಚೆಸ್ಕಿ, ಪೊಲಾರ್ಡ್ ಮತ್ತು ಅವರ ಜೊತೆಯವರು ೧೯೯೪ರಲ್ಲಿ ಒಂದು ಅಮೀಬದಿಂದ ಹೊರತೆಗೆದರು.

ಜೈಲಿನ ಗೋಡೆಯೊಳಗೆ ಸಿಕ್ಕವನಂತೆ ಜೀವಕೋಶದೊಳಗೆ ಹುಟ್ಟಿದ ವೈರಸ್ಸು ಹೊರಕ್ಕೆ ಹೋಗುವುದು ಹೇಗೆ? ಕಾಲಿಲ್ಲ, ರೆಕ್ಕೆಯಿಲ್ಲ, ಬಾಲವಿಲ್ಲ. ವ್ಯಾಕ್ಸಿನಿಯಾದ ಒಂದು ಕಣದ ಉದ್ದ ಮಿಲಿಮೀಟರಿನ ಮೂರು ಸಾವಿರದಲ್ಲಿ ಒಂದು ಪಾಲಿನಷ್ಟು. ಸೋಂಕಿದ ಕೋಶದ ಮೈಮೇಲೆ ಬೆರಳಿನಂತಹ ಚಾಚುಗಳೆದ್ದು ಅವುಗಳ ತುದಿಯಲ್ಲಿ ವೈರಸ್ಸು ಕುಳಿತಿರುವುದನ್ನು ೧೯೭೦ರ ದಶಕದಲ್ಲಿಯೇ ಇಲೆಕ್ಟ್ರಾನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದರು. ೧೯೯೫ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿದ್ದ ಸ್ಯಾಲಿ ಕಡ್ಮೋರ್, ಗ್ಯಾರೆತ್ ಗ್ರಿಫಿತ್ಸ್, ಮೈಕೆಲ್ ವೇ ಎಂಬವರು, ಪ್ಯಾರಿಸಿನ ಪಾಸ್ಕಲ್ ಕೊಸಾರ್ ಅವರೊಡನೆ ಸೇರಿ, ಜೀವಂತ ಕೋಶದಲ್ಲಿ ಇದರ ಓಟವನ್ನು ಕಣ್ಣಾರೆ ಕಂಡು ವರದಿ ಮಾಡಿದರು. ವೈರಸ್ಸಿನ ಬೆನ್ನ ಹಿಂದೆ ಆಕ್ಟಿನ್ನಿನ ಸರಗಳು ಧೂಮಕೇತುವಿನ ಬಾಲದಂತೆ ಬೆಳೆಯುತ್ತ ಅದನ್ನು ಮುಂದಕ್ಕೆ ನೂಕುತ್ತಿದ್ದುವು. ಮಿನಿಟಿಗೆ ಸುಮಾರು ಮೂರು ಮೈಕ್ರಾನು ವೇಗ, ಅಂದರೆ ತನ್ನ ಉದ್ದದ ಎಂಟು-ಹತ್ತು ಪಟ್ಟು ದೂರ. ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯವು ಇದೇ ಉಪಾಯ ಮಾಡುವುದೆಂಬುದನ್ನು ಅದಕ್ಕೆ ಕೆಲವು ವರ್ಷ ಮೊದಲು ಕಂಡಿದ್ದರು. ಆದರೆ ವೈರಸ್ಸಿನಂತಹ ಅಲ್ಪಕಾಯವು ಇಂತಹ ರಥವನ್ನು ಹೂಡಬಲ್ಲದೆಂಬುದು ಹೊಸತು.

ಈ ರಥದಲ್ಲಿ ವೈರಸ್ಸಿನದು ಬಹಳ ಸ್ವಲ್ಪವೇ. ಅದು ಮೊದಲು ಕೋಶದೊಳಗಿನ ಕೊಳವೆಗಳ ದಾರಿಯಲ್ಲಿ ಪೊರೆಯ ವರೆಗೆ ಬಂದು ಹೊರಬೀಳುವುದು, ಆದರೆ ಪೊರೆಯನ್ನು ಬಿಡದೆ ಅಂಟಿಕೊಂಡಿರುವುದು. ಪೊರೆಯ ಒಳಬದಿಯಲ್ಲಿ ವೈರಸ್ಸಿನದೇ ಆದ ಎ-೩೬ ಎಂಬ ಪ್ರೋಟೀನು ಕಾದಿರುತ್ತದೆ. ಕೋಶದ ಸ್ವಂತ ಕಿಣ್ವವೊಂದು ಅದಕ್ಕೆ ರಂಜಕದ ಮುದ್ರೆಯನ್ನೊತ್ತುವುದು. ಮುದ್ರೆ ಬಿದ್ದೊಡನೆ ಕೋಶದ ಎನ್‌-ವಾಸ್ಪ್ ಎಂಬ ಪ್ರೋಟೀನು ಕೆಲವು ಜೊತೆಗಾರರೊಡನೆ ಅಲ್ಲಿಗೆ ಓಡಿಬರುವುದು. ಅದು ಆರ್ಪ್ ಯಂತ್ರವನ್ನು ಎಬ್ಬಿಸುವುದು. ಆಕ್ಟಿನ್ನಿನ ಕವಲುಗಳು ಒಡೆದು ಬೆಳೆಯುವುವು. ಕೋಶಕ್ಕೆ ಹೊರಗಿನಿಂದ ‘ನಡೆ’ ಎಂಬ ಅಪ್ಪಣೆ ಬಂದಾಗ ಅದು ಯಾವ ಕ್ರಮದಲ್ಲಿ ಮುಂದುವರಿಯುವುದೋ ಅದೇ ಕ್ರಮವನ್ನು ವೈರಸ್ಸು ಸುಳ್ಳು ಅಪ್ಪಣೆಯಿಂದ ನಡೆಯಿಸಿಕೊಳ್ಳುವುದೆಂದು ೧೯೯೯ರಲ್ಲಿ ಫ್ರಿಷ್‌ಕ್ನೆಕ್ಟ್, ವೇ ಮುಂತಾದವರು ಸ್ಪಷ್ಟಪಡಿಸಿದರು. ದೊರೆಯ ಮುದ್ರೆಯನ್ನು ಕದ್ದವನು ದೊರೆಯ ಆಳುಗಳಿಂದಲೇ ಪಲ್ಲಕ್ಕಿ ಹೊರಿಸಿಕೊಂಡಂತೆ. ಎ-೩೬ನ್ನು ತೆಗೆದುಹಾಕಿದ ವೈರಸ್ಸು ಬಾಲ ಕಟ್ಟಲಾರದೆ, ಗಾಜಿನ ತಟ್ಟೆಯ ಮೇಲೆ ಬೆಳೆಯಿಸಿದ ಕೋಶಗಳ ಹಾಸಿನಲ್ಲಿ ಬಹಳ ಚಿಕ್ಕ ಚುಕ್ಕೆಗಳನ್ನು ಮಾತ್ರ ಉಂಟುಮಾಡುವುದು. ಇಲಿಗಳಲ್ಲಿಯೂ ಅದರ ಕೇಡು ಕಡಮೆ.

ಇನ್ನೂ ಒಂದು ಒಗಟು ಉಳಿದಿತ್ತು. ಒಂದು ಕೋಶದೊಳಗೆ ಹೊಕ್ಕು, ಸಂತಾನ ಬೆಳೆಯಿಸಿ, ಹೊರಗೆ ಕಳುಹಿಸಲು ವ್ಯಾಕ್ಸಿನಿಯಾಕ್ಕೆ ಐದಾರು ತಾಸು ಬೇಕು. ಆದರೆ ಕೋಶಗಳ ಹಾಸಿನಲ್ಲಿ ಅದು ಸುಮಾರು ಒಂದೂಕಾಲು ತಾಸಿಗೆ ಒಂದು ಕೋಶದಂತೆ ದಾಟಿ ಹರಡುತ್ತಿತ್ತು. ಲೆಕ್ಕಕ್ಕೆ ಸಿಕ್ಕದ ಈ ವೇಗವನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಜೆಫ್ರಿ ಸ್ಮಿತ್ ಅವರ ಗುಂಪು ೨೦೧೦ರಲ್ಲಿ ಬಿಡಿಸಿತು. ಹೊಸದಾಗಿ ಸೋಂಕಿದ ಕೋಶವು, ತನ್ನಲ್ಲಿ ಇನ್ನೂ ಒಂದು ವೈರಸ್ಸೂ ಹುಟ್ಟುವ ಮೊದಲೇ, ಎ-೩೩, ಎ-೩೬ ಎಂಬ ಎರಡು ಪ್ರೋಟೀನುಗಳನ್ನು ತನ್ನ ಮೈಮೇಲೆ ತೋರಿಸಿಕೊಳ್ಳುವುದು. ಹೊರಗಿನಿಂದ ಇನ್ನೊಂದು ವೈರಸ್ಸು ಬಂದು ಅಲ್ಲಿ ಕುಳಿತರೆ, ಅದರ ಕೆಳಗೆ ಆಕ್ಟಿನ್ನಿನ ಬಾಲ ಎದ್ದು ಅದನ್ನು ಆಚೆಗೆ ಎಸೆಯುವುದು. ನೆಂಟರಿಂದ ತುಂಬಿದ ಐನ್‌ಮನೆಗೆ ಮತ್ತೊಬ್ಬ ನೆಂಟನು ಬಂದರೆ ‘ಇಲ್ಲಿ ಎಡೆಯಿಲ್ಲ, ಮುಂದಿನ ಮನೆಗೆ ಹೋಗಿ’ ಎಂದು ಕಳುಹಿಸುವಂತೆ. ಮನೆಯಿಂದ ಮನೆಗೆ ಹೀಗೆ ಹಾರುತ್ತ ಹೋಗಿ ಅದು ಖಾಲಿಯಿದ್ದ ಮನೆಯನ್ನು ಸೇರುವುದು. ತೋಳಿನ ಮೇಲೆ ದಾಕಿನ ಗುಳ್ಳೆಯು ದಿನದಿಂದ ದಿನಕ್ಕೆ ಅಗಲವಾಗುತ್ತಿದ್ದುದಕ್ಕೆ ಹಿಂದಿದ್ದುದು ಈ ನೂಕುನುಗ್ಗಲು.

ಇಷ್ಟು ತಿಳಿದಮೇಲೆ, ಆಕ್ಟಿನ್ನಿನ ರಥವನ್ನು ತಡೆದರೆ ವೈರಸ್ಸನ್ನೂ ತಡೆಯಬಹುದಲ್ಲವೆ ಎಂದು ಯಾರಿಗಾದರೂ ತೋರಬಹುದು. ಇಲ್ಲಿಯೇ ತೊಡಕು. ೧೯೩೭ರಲ್ಲಿ ಮ್ಯೂನಿಕ್ ನಗರದ ಮಕ್ಕಳ ವೈದ್ಯ ಆಲ್ಫ್ರೆಡ್ ವಿಸ್ಕಾಟ್ ಎಂಬಾತನು ಒಂದೇ ಮನೆಯ ಮೂವರು ಗಂಡುಮಕ್ಕಳನ್ನು ವರ್ಣಿಸಿದನು. ಅವರಿಗೆ ರಕ್ತಸ್ರಾವ, ಮೈಯೆಲ್ಲ ಇಸುಬು, ಒಂದಾದಮೇಲೊಂದು ಸೋಂಕು. ಅವರ ಅಕ್ಕತಂಗಿಯರು ಮಾತ್ರ ಆರೋಗ್ಯವಾಗಿದ್ದರು. ೧೯೫೪ರಲ್ಲಿ ಅಮೆರಿಕದ ರಾಬರ್ಟ್ ಆಲ್ಡ್ರಿಚ್ ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುವ ದೋಷವೆಂದು ತೋರಿಸಿದನು. ೧೯೯೪ರಲ್ಲಿ ಅದಕ್ಕೆ ಕಾರಣವಾದ ಜೀನು ಸಿಕ್ಕಿತು. ಅದು ರಚಿಸುವ ಪ್ರೋಟೀನಿಗೆ ಆ ಇಬ್ಬರು ವೈದ್ಯರ ಹೆಸರುಗಳಿಂದಲೇ ವಾಸ್ಪ್ ಎಂಬ ಹೆಸರು ಬಂತು. ವ್ಯಾಕ್ಸಿನಿಯಾವು ಕದ್ದು ಬಳಸುವ ಎನ್‌-ವಾಸ್ಪ್ ಇದರ ಒಡಹುಟ್ಟು. ಆ ಮಕ್ಕಳ ಬಿಳಿಯ ರಕ್ತಕಣಗಳು ಆಕ್ಟಿನ್ನನ್ನು ಸರಿಯಾಗಿ ಕಟ್ಟಲಾರವು. ಆದುದರಿಂದ ಶತ್ರುವಿನ ಕಡೆಗೆ ನೆಟ್ಟಗೆ ನಡೆಯಲಾರವು, ಶತ್ರುವನ್ನು ಗಟ್ಟಿಯಾಗಿ ಹಿಡಿಯಲಾರವು. ಹಾಗೆಯೇ ೨೦೦೯ರಲ್ಲಿ ಗುರುತಿಸಲ್ಪಟ್ಟ ಡಾಕ್-೮ ಎಂಬ ಪ್ರೋಟೀನಿನ ಕೊರತೆಯುಳ್ಳವರಿಗೆ ಸರ್ಪಿನಂತಹ, ನೀರುಗುಳ್ಳೆ ಗಂಟುಗಳಂತಹ ವೈರಸ್ ಬೇನೆಗಳು ಚರ್ಮವನ್ನೇ ಆರಿಸಿಕೊಂಡು ಕಾಡುವುವು. ಅವರ ರಕ್ಷಕಕಣಗಳು ಚರ್ಮದ ಇಕ್ಕಟ್ಟಾದ ಸಂದುಗಳಲ್ಲಿ ತೆವಳುವಾಗ ಉದ್ದಕ್ಕೆ ಎಳೆಯಲ್ಪಟ್ಟು, ಹರಿದು ಸಾಯುವುವೆಂದು ೨೦೧೪ರಲ್ಲಿ ತಿಳಿದುಬಂತು. ಅಂದರೆ ವೈರಸ್ಸೂ ಅದನ್ನು ಹಿಡಿಯಲು ಬರುವ ಕಾವಲುಗಾರನೂ ನಡೆಯುವುದು ಒಂದೇ ದಾರಿಯಲ್ಲಿ, ಒಂದೇ ಕಾಲಿನಿಂದ. ಕಾಲನ್ನು ಮುರಿದರೆ ಇಬ್ಬರದೂ ಮುರಿಯುವುದು.

ಈ ಕಾರಣದಿಂದಲೇ ಸಿಡುಬಿನ ದಾಕು, ಅಷ್ಟು ಕೋಟಿ ಜನರನ್ನು ಕಾಪಾಡಿದರೂ, ಇಸುಬುಳ್ಳ ಮಕ್ಕಳಿಗೂ ರಕ್ಷಣಶಕ್ತಿ ಕುಂದಿದ ಮಕ್ಕಳಿಗೂ ಹಾಕಬಾರದ ವಸ್ತುವಾಗಿತ್ತು. ಅವರಲ್ಲಿ ಗುಳ್ಳೆಯು ಕಲೆಯಾಗಿ ನಿಲ್ಲದೆ ಮೈತುಂಬ ಹರಡಿ ಕೆಲವೊಮ್ಮೆ ಪ್ರಾಣವನ್ನೇ ತೆಗೆಯುತ್ತಿತ್ತು. ವಿಸ್ಕಾಟ್ ಕಂಡ ಬೇನೆಗೆ ೧೯೬೮ರಿಂದೀಚೆಗೆ ಅಸ್ಥಿಮಜ್ಜೆಯ ಕಸಿಯು ಒಂದು ಪರಿಹಾರವಾಗಿದೆ. ವೈರಸ್ಸಿನ ಕಡೆಯಿಂದ ನೋಡಿದರೆ, ೨೦೦೫ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾನಿಲಯದ ಡೇನಿಯಲ್ ಕಾಲ್ಮನ್ ಮತ್ತು ಸಂಗಡಿಗರು, ರಕ್ತದ ಒಂದು ಬಗೆಯ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ ಎಂಬ ಔಷಧವು ಇಲಿಗಳಲ್ಲಿ ವ್ಯಾಕ್ಸಿನಿಯಾದ ಹರಡುವಿಕೆಯನ್ನು ತಗ್ಗಿಸುವುದನ್ನು ಕಂಡರು. ಅದು ಆಕ್ಟಿನ್ನನ್ನು ಮುಟ್ಟದೆ, ವೈರಸ್ಸು ಕೋಶವನ್ನು ಬಿಟ್ಟು ಹೊರಡುವ ಹಂತದಲ್ಲಿ ಬೇಕಾಗುವ ಒಂದು ಕಿಣ್ವವನ್ನಷ್ಟೇ ಹಿಡಿಯುವುದು. ೨೦೧೮ರಲ್ಲಿ ಅಮೆರಿಕದಲ್ಲಿ ಸಿಡುಬಿಗೆಂದು ಒಪ್ಪಿಗೆ ಪಡೆದ ಟೆಕೊವಿರಿಮಾಟ್ ಎಂಬುದು ಇನ್ನೂ ಹಿಂದೆಯೇ ನಿಂತು, ವೈರಸ್ಸು ಪಯಣಕ್ಕೆ ಬೇಕಾದ ಹೊದಿಕೆಯನ್ನು ಹೊದೆಯದಂತೆ ಮಾಡುವುದು. ಕಾವಲುಗಾರನ ಕಾಲಿಗೆ ಪೆಟ್ಟು ಬೀಳದಂತೆ ಕಳ್ಳನನ್ನು ಮನೆಯೊಳಗೇ ತಡೆಯುವ ಉಪಾಯಗಳಿವು.

ಸಿಡುಬು ಹೋದರೂ ವ್ಯಾಕ್ಸಿನಿಯಾ ಹೋಗಿಲ್ಲ. ಎಮ್ಮೆಗಳ ಕೆಚ್ಚಲಿನಲ್ಲಿಯೂ ಅವನ್ನು ಕರೆಯುವವರ ಕೈಗಳಲ್ಲಿಯೂ ಗುಳ್ಳೆಯೆಬ್ಬಿಸುವ ಎಮ್ಮೆಸಿಡುಬು ೧೯೩೪ರಲ್ಲಿ ಲಾಹೋರಿನಲ್ಲಿ ಮೊದಲು ವರದಿಯಾಯಿತು. ಅದರ ವೈರಸ್ಸು ವ್ಯಾಕ್ಸಿನಿಯಾದ ವಂಶದ್ದೇ ಎಂದು ಈಗ ಗೊತ್ತಾಗಿದೆ. ದಾಕು ಹಾಕುವ ಕಾಲದಲ್ಲಿ ಮನುಷ್ಯರಿಂದಲೇ ಎಮ್ಮೆಗಳಿಗೆ ಅಂಟಿಕೊಂಡು ಅಲ್ಲಿ ನೆಲೆಸಿರಬೇಕೆಂಬುದು ಅನೇಕ ವಿದ್ವಾಂಸರ ಊಹೆ. ೨೦೦೯ರಲ್ಲಿ ಕನ್ನಡ ನಾಡಿಗೆ ಹೊಂದಿಕೊಂಡ ಸೊಲ್ಲಾಪುರ, ಕೊಲ್ಹಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಅದು ಎಮ್ಮೆಗಳಲ್ಲಿಯೂ ಜನರಲ್ಲಿಯೂ ಎದ್ದಿತು. ಹಾಲು ಕರೆಯುವ ಕೈಯ ಗುಳ್ಳೆಯಿಂದ ಜೆನ್ನರನು ಎತ್ತಿಕೊಂಡ ರಸವು ಇನ್ನೂರು ವರ್ಷ ಲೋಕವನ್ನು ಸುತ್ತಿ, ಹಾಲು ಕರೆಯುವ ಕೈಗಳಿಗೇ ಮರಳಿ ಬಂದಂತಾಯಿತು.